ತಲಪಾಡಿ ರೇಟು: ನಾವು ಮೂವರು ಕಂಪೆನಿಯ ಪಾಲು ಹಂಚಿಕೊಂಡದ್ದು ಹೀಗೆ

ಕಳೆದ ವರ್ಷ ಮಾರ್ಚಿನಲ್ಲಿ ನಮ್ಮ ಕೋಡಿನವ, ಅಂದರೆ ಸಾಫ್ಟ್‌ವೇರ್ ಬರೆಯುವ ಪಾಲುದಾರ, ಕಂಪೆನಿ ಬಿಟ್ಟ. ಕುಂಬಳೆ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಕೂತು ಎಸ್‌ಎಚ್-4 ಷೇರು ವರ್ಗಾವಣೆ ಫಾರ್ಮಿಗೆ ಸಹಿ ಹಾಕಿದ, ಎರಡು ಪ್ಲೇಟ್ ಗೋಳಿಬಜೆ ತಿಂದ, ಮಂಗಳೂರು ಲೋಕಲ್ ಹತ್ತಿದ. ಜಗಳ ಇಲ್ಲ, ವಕೀಲರ ನೋಟೀಸು ಇಲ್ಲ. ಗೋಳಿಬಜೆಯ ಬಿಲ್ಲನ್ನೂ ಅವನೇ ಕೊಟ್ಟ. ಐದು ವರ್ಷ ಹಿಂದೆ ನಾವು ಪಾಲಿನ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆಯಲು ಶುರು ಮಾಡಿದಾಗ "ಇದೇನು ಹಾಲಿನ ಸೊಸೈಟಿಯಾ" ಎಂದು ನಕ್ಕವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ ಅಂದುಕೊಳ್ಳಿ.

ಮೊದಲು ಸೋತದ್ದನ್ನು ಹೇಳಬೇಕು. 2016ರಲ್ಲಿ ಒಬ್ಬ ಗೆಳೆಯನ ಜೊತೆ ಅಡಿಕೆ ಹಾಳೆತಟ್ಟೆಯ ಯೂನಿಟ್ ಹಾಕಿದ್ದೆ. ಪ್ರೈವೇಟ್ ಲಿಮಿಟೆಡ್, ಇಬ್ಬರೇ ಮೆಂಬರು, 50-50. ಆ ದಿನ ಹತ್ತು ನಿಮಿಷದಲ್ಲಿ ಮಾತು ಮುಗಿದಿತ್ತು. ನಮ್ಮೊಳಗೆ ಎಂಥ ಲೆಕ್ಕ ಮಾರಾಯ ಎಂದಿದ್ದ, ನಾನೂ ಹೌದೆಂದಿದ್ದೆ. ಒಂದೂವರೆ ವರ್ಷಕ್ಕೆ ಅವನಿಗೆ ಶಾರ್ಜಾದಲ್ಲಿ ಕೆಲಸ ಸಿಕ್ಕಿತು, ಹೋದ. ಹೋದದ್ದು ತಪ್ಪಲ್ಲ, ಕಾಸರಗೋಡಿನಲ್ಲಿ ಯಾರ ಮನೆಯಲ್ಲಿ ಒಬ್ಬ ಗಲ್ಫಿಗೆ ಹೋಗಿಲ್ಲ ಹೇಳಿ. ಆದರೆ ಅರ್ಧ ಕಂಪೆನಿ ಅವನ ಜೊತೆ ಶಾರ್ಜಾಕ್ಕೆ ಹೋಯಿತು. ಬ್ಯಾಂಕಿಗೆ ಎರಡು ಸಹಿ ಬೇಕು. ಮೀಟಿಂಗ್ ಕೋರಂಗೆ ಇಬ್ಬರು ಮೆಂಬರುಗಳು ಎದುರೇ ಇರಬೇಕು. ಬೆಳಗ್ಗೆ ಆರಕ್ಕೆ ಎದ್ದು ಹಾಳೆ ತೊಳೆಯುವವ ನಾನು, ಲಾಭ ಬಂದರೆ ಅರ್ಧ ಅವನದ್ದು. ಕೊನೆಗೆ ಅವನ ಪಾಲನ್ನು ಹೆಚ್ಚುಕಡಿಮೆ 1.8 ಲಕ್ಷ ಕೊಟ್ಟು ಬಿಡಿಸಿಕೊಂಡೆ, ಅಷ್ಟರಲ್ಲಿ ಮೆಷಿನ್‌ಗಳ ಬೆಲೆಯೇ ಅಷ್ಟಿರಲಿಲ್ಲ. ಆರು ತಿಂಗಳಿಗೆ ಯೂನಿಟ್ ಮುಚ್ಚಿದೆ. ಅವನು ಈಗಲೂ ರಜೆಗೆ ಬಂದಾಗ ಸಿಗುತ್ತಾನೆ, ಚಾ ಕುಡಿಯುತ್ತೇವೆ, ಆ ವಿಷಯ ಮಾತ್ರ ಇಬ್ಬರೂ ತೆಗೆಯುವುದಿಲ್ಲ.

ಎರಡನೆಯದ್ದು 2020ರಲ್ಲಿ. ತೋಟದ ಪಂಪನ್ನು ಮೊಬೈಲಿನಿಂದ ಆನ್-ಆಫ್ ಮಾಡುವ ಡಬ್ಬ. ಇದರಲ್ಲಿ ಹೊಸತೇನಿಲ್ಲ, ಮಾರ್ಕೆಟ್ಟಿನಲ್ಲಿ ಹತ್ತು ಬಗೆ ಸಿಗುತ್ತದೆ. ನಮ್ಮದು ನಮ್ಮ ಗುಡ್ಡಗಳಿಗೆ ಹೊಂದುವಂಥದ್ದು, ಸಿಗ್ನಲ್ ಅರ್ಧ ಕಡ್ಡಿ ಇದ್ದರೂ ನಡೆಯುತ್ತದೆ. ಮೂವರು ಇದ್ದೆವು. ಡಬ್ಬದೊಳಗಿನ ಎಲೆಕ್ಟ್ರಾನಿಕ್ ಬೋರ್ಡಿನ ಕೆಲಸ ನನ್ನದು. ಕೋಡು ಬರೆಯುವವ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ, ಲಾಕ್‌ಡೌನಿಗೆ ಮಂಗಳೂರಿನ ಮನೆಗೆ ಬಂದಿದ್ದ. ಮೂರನೆಯವ ಬದಿಯಡ್ಕದ ಹತ್ತಿರದ ಅಡಿಕೆ ತೋಟದವ. ದುಡ್ಡು ಅವನದ್ದು, ಐಡಿಯಾನೂ ಅವನದ್ದೇ. ಅವನ ಪಂಪ್ ಶೆಡ್ಡಿಗೆ ನೂರಾ ಹತ್ತು ಮೆಟ್ಟಿಲು ಇಳಿಯಬೇಕು, ಅದೇ ಐಡಿಯಾ. (ಅವನ ನೆರೆಮನೆಯವರಿಗೆ ಸುರಂಗದ ನೀರಿದೆ. ಗುಡ್ಡದಿಂದ ತಾನಾಗಿ ಇಳಿದು ಬರುತ್ತದೆ. ನಮ್ಮ ಡಬ್ಬ ನೋಡಿ "ನನಗೆ ಕರೆಂಟೇ ಬೇಡ, ಮತ್ತೆ ಇದು ಯಾಕೆ" ಎಂದರು. ಅವರನ್ನು ಗಿರಾಕಿ ಮಾಡಲು ನಮ್ಮಿಂದ ಇವತ್ತಿಗೂ ಆಗಿಲ್ಲ.)

ಈ ಸಲ ನಾನು ಒಂದೇ ಹಠ ಹಿಡಿದೆ. ಮೊದಲ ದಿನ ಪಾಲು ಮಾಡುವುದಿಲ್ಲ. ಯಾರು ಎಷ್ಟು ಹಾಕಿದರು ಅಂತ ಬರೆಯುತ್ತಾ ಹೋಗೋಣ, ಹೊರಗಿನವರ ದುಡ್ಡು ಬರುವ ದಿನ ಲೆಕ್ಕ ನಿಲ್ಲಿಸೋಣ, ಆ ದಿನ ಪುಸ್ತಕ ಏನು ಹೇಳುತ್ತದೋ ಅದೇ ಪಾಲು. ಇದು ನಾನು ಕಂಡುಹಿಡಿದದ್ದಲ್ಲ, ಈ ಬಗೆ ಮಾಡುವವರು ಬೇರೆ ಕಡೆಯೂ ಇದ್ದಾರೆ. ಆದರೆ ಇಲ್ಲಿ ಯಾರೂ ನಂಬಲಿಲ್ಲ. ನಮ್ಮ ಆಡಿಟರ್ "ಸುಮ್ನೆ ತಲೆಗೊಂದು ಮೂರನೇ ಒಂದು ಹಾಕಿ" ಎಂದರು. ಕೊಚ್ಚಿಯಲ್ಲಿ ಸ್ಟಾರ್ಟಪ್ ನಡೆಸುವ ಒಬ್ಬರು, ಹೀಗೆ ಮಾಡಿದರೆ ನೀವು ಪ್ರತಿ ಶನಿವಾರ ಜಗಳ ಆಡುತ್ತೀರಿ ಎಂದರು. ಅದು ಸುಳ್ಳಲ್ಲ. ಆಡಿದೆವು.

ಮೊದಲ ಜಗಳ ಗಂಟೆಯ ಬೆಲೆಗೆ. ಕೋಡಿನವನಿಗೆ ಬೆಂಗಳೂರಿನಲ್ಲಿ ತಿಂಗಳಿಗೆ 80 ಸಾವಿರ ಬರುತ್ತಿತ್ತು. ನನ್ನ ಗಂಟೆಗೆ ಆ ರೇಟು ಎಂದ. ತೋಟದವ ಒಪ್ಪಲಿಲ್ಲ, ನಮ್ಮ ಕಡೆ ಈ ಕೆಲಸಕ್ಕೆ 30 ಸಾವಿರ ಕೊಟ್ಟರೆ ಹುಡುಗರು ಕ್ಯೂ ನಿಲ್ಲುತ್ತಾರೆ ಎಂದ. ಎರಡೂ ಸರಿಯೇ ಅಲ್ವಾ. ಎರಡು ವಾರ ಅದರಲ್ಲೇ ಹೋಯಿತು. ಆಗ ಕೇರಳ-ಕರ್ನಾಟಕ ಗಡಿಯ ನೆನಪು ಎಲ್ಲರಿಗೂ ಹಸಿಯಾಗಿತ್ತು. ಆ ವರ್ಷ ಮಾರ್ಚಿನಲ್ಲಿ ಕರ್ನಾಟಕದವರು ರಸ್ತೆಗೆ ಮಣ್ಣು ಸುರಿದು ಬಂದ್ ಮಾಡಿದ್ದರು, ಕಾಸರಗೋಡಿನ ನಮ್ಮವರಿಗೆ ಮಂಗಳೂರಿನ ಆಸ್ಪತ್ರೆಗೆ ಹೋಗಲೂ ಆಗದೆ ಮಾತು ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ನಮ್ಮ ಮೊದಲ ಪಾರ್ಟ್ಸಿನ ಪೆಟ್ಟಿಗೆಯನ್ನು ಕೂಡ ಆಚೆ ಕಡೆಯಿಂದ ಕೋಡಿನವ, ಈಚೆ ಕಡೆಯಿಂದ ನಾನು ಗಡಿಯ ತಲಪಾಡಿಗೆ ಬಂದು ಕೈ ಬದಲಾಯಿಸಿಕೊಂಡಿದ್ದೆವು. ಪೆಟ್ಟಿಗೆ ಅಲ್ಲಿ ಸೇರುವುದಾದರೆ ರೇಟೂ ಅಲ್ಲೇ ಸೇರಲಿ ಎಂದೆ. ಬೆಂಗಳೂರಿನ ಸಂಬಳ, ಬದಿಯಡ್ಕದ ಸಂಬಳ, ಎರಡರ ಸರೀ ನಡು. ಅವನಿಗೆ 55 ಸಾವಿರ ಬಂತು, ನನಗೆ 45. ನಮ್ಮಲ್ಲಿ ಇದಕ್ಕೆ ತಲಪಾಡಿ ರೇಟು ಎಂದೇ ಹೆಸರು, ಈಗಿನ ಸ್ಟಾಫ್ ಹುಡುಗರೂ ಹಾಗೇ ಹೇಳುತ್ತಾರೆ.

ಪುಸ್ತಕದಲ್ಲಿ ಬರೆದದ್ದು ಪಾಯಿಂಟ್. ಈ ರೇಟಿನ ಸಂಬಳದಲ್ಲಿ ತೆಗೆದುಕೊಳ್ಳದೆ ಬಿಟ್ಟ ಪ್ರತಿ ರೂಪಾಯಿಗೆ ಒಂದೂವರೆ ಪಾಯಿಂಟ್. ಕೈಯಿಂದ ಹಾಕಿದ ನಗದು ರೂಪಾಯಿಗೆ ಮೂರು. ನಗದಿಗೆ ಮೊದಲು ಎರಡೇ ಇಟ್ಟಿದ್ದೆವು. ತೋಟದವ ಏನೂ ಹೇಳಲಿಲ್ಲ, ಅವನು ಹೇಳುವ ಪೈಕಿಯೂ ಅಲ್ಲ. ಆದರೆ ಮೂರು ತಿಂಗಳು ದುಡ್ಡು ಬರುವುದು ನಿಧಾನ ಆಯಿತು. ಅರ್ಥ ಮಾಡಿಕೊಂಡು ಮೂರು ಮಾಡಿದೆವು. ತುರ್ತಿಗೆ ಹಾಕಿದ ದುಡ್ಡಿಗೆ, ಅಂದರೆ ನಾಳೆ ಬೆಳಗ್ಗೆ ಬೋರ್ಡು (ಪಿಸಿಬಿ) ಮಾಡಿಕೊಡುವವನಿಗೆ ಕಟ್ಟದಿದ್ದರೆ ಆರ್ಡರ್ ಹೋಯಿತು ಎನ್ನುವಂಥ ದುಡ್ಡಿಗೆ, ಬೇರೆ ಲೆಕ್ಕ ಇದೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಎದುರು ಸಿಕ್ಕರೆ ಹೇಳುತ್ತೇನೆ. ಐಡಿಯಾಕ್ಕೆ ಸೊನ್ನೆ. ನೂರಾ ಹತ್ತು ಮೆಟ್ಟಿಲು ದಿನಾ ಇಳಿದವನಿಗೆ ಬೇಸರ ಆಯಿತು, ಆದರೆ ಸೊನ್ನೆಯೇ.

ಪುಸ್ತಕ ತುಂಬಿಸುವುದೂ ಸುಲಭ ಇರಲಿಲ್ಲ. ಶುರುವಿಗೆ ತಿಂಗಳ ಕೊನೆಗೆ ನೆನಪಿನಿಂದ ಬರೆಯುತ್ತಿದ್ದೆವು. ನೆನಪು ಯಾವಾಗಲೂ ನಮ್ಮ ಪಕ್ಷವೇ, ಒಂದು ತಿಂಗಳು ಮೂವರ ಗಂಟೆ ಕೂಡಿಸಿದರೆ ಯಾರೂ ಮಲಗಲೇ ಇಲ್ಲ ಎಂಬ ಹಾಗೆ ಬಂತು. ಆಮೇಲೆ ಪ್ರತಿ ಶನಿವಾರ ರಾತ್ರಿ ಫೋನಿನಲ್ಲಿ, ಒಬ್ಬ ತನ್ನದನ್ನು ಓದುವುದು, ಇನ್ನಿಬ್ಬರು ಕೇಳುವುದು. ಬರೆಯುವವ ಬೇರೆ. ಕೋಡಿನ ಒಂದು ಬಗ್ (ತಪ್ಪು) ಸರಿಮಾಡಲು 14 ಗಂಟೆ ಎಂದು ಓದುವಾಗ ಕೋಡಿನವನ ಸ್ವರ ತಾನಾಗಿ ಸಣ್ಣದಾಯಿತು, ನಾವು ಏನೂ ಹೇಳದೆ ಅವನೇ 9 ಮಾಡಿದ. ಅಡಿಕೆ ಕೋಣೆಯ ಮೇಲಿನ ಅಟ್ಟ ನಮ್ಮ ವರ್ಕ್‌ಶಾಪು, ಅದಕ್ಕೆ ತಿಂಗಳಿಗೆ ಇಷ್ಟು ಅಂತ ಸಣ್ಣ ಬಾಡಿಗೆ ಪಾಯಿಂಟ್ ಹಾಕಿದೆವು. ಜೀಪಿನ ಡೀಸೆಲ್ಲಿಗೂ ಬರೆದೆವು. ತೋಟದವನ ಅಮ್ಮ ಪ್ರತಿ ಭಾನುವಾರ ಹಾಕುವ ಊಟಕ್ಕೆ ಬರೆಯಬೇಕಾ ಎಂದು ಒಂದು ಶನಿವಾರ ಗಂಭೀರವಾಗಿ ಚರ್ಚೆ ಆಯಿತು. ಅವರ ಕಿವಿಗೆ ಬಿದ್ದು, ಮುಂದಿನ ಭಾನುವಾರ "ಪಾಯಸ ಎಷ್ಟು ಪಾಯಿಂಟಿಗೆ ಬಡಿಸಲಿ" ಎಂದು ಕೇಳಿದರು. ಆ ಪುಟ ಹರಿದು ಹಾಕಿದೆವು.

ದೊಡ್ಡ ಪೆಟ್ಟು ಬಿದ್ದದ್ದು 2021ರ ಮೇ ತಿಂಗಳಲ್ಲಿ. ಮಳೆಗಾಲ ಶುರುವಾಗುವ ಮೊದಲಿನ ಸಿಡಿಲು ನಿಮಗೆ ಗೊತ್ತಲ್ಲ. ಒಂದೇ ವಾರದಲ್ಲಿ ತೋಟಗಳಲ್ಲಿದ್ದ 14 ಡಬ್ಬಗಳಲ್ಲಿ 11 ಸುಟ್ಟವು. ಮುಳ್ಳೇರಿಯದ ಒಂದು ತೋಟದಲ್ಲಿ ಬಿಚ್ಚಿ ನೋಡಿದರೆ ಇನ್‌ಪುಟ್ ಹತ್ತಿರದ ತಾಮ್ರದ ಟ್ರ್ಯಾಕ್ ಹಾರಿಹೋಗಿ ಡಬ್ಬದ ಮುಚ್ಚಳಕ್ಕೆ ಮಸಿಯ ಗೆರೆ ಎಳೆದಿತ್ತು. ತಪ್ಪು ನನ್ನದು. ಬೋರ್ಡಿಗೆ ಇಪ್ಪತ್ತು ಚಿಲ್ಲರೆ ರೂಪಾಯಿ ಉಳಿಸಲು ಸರ್ಜ್ ತಡೆಯುವ ಎಂಒವಿ ಬಿಟ್ಟಿದ್ದೆ, ಅರ್ಥಿಂಗ್ ರಾಡ್ ಗಿರಾಕಿಯೇ ಹಾಕಿಸಲಿ ಎಂದಿದ್ದೆ. ಒಟ್ಟು 60 ಸಾವಿರದ ಮೇಲೆ ಹೋಯಿತು. ಆ ಶನಿವಾರ ಫೋನಿನಲ್ಲಿ ಯಾರೂ ಮಾತಾಡಲಿಲ್ಲ. ಕೊನೆಗೆ ಕೋಡಿನವ, ಇದನ್ನು ನಿನ್ನ ಪಾಯಿಂಟಿನಿಂದ ಕಳೆಯಬೇಕಲ್ವಾ ಎಂದ. ತೋಟದವ ತಡೆದ. ತಪ್ಪಿಗೆ ಕಳೆಯಲು ಶುರು ಮಾಡಿದರೆ ಮುಂದೆ ಯಾರೂ ತಪ್ಪನ್ನು ಹೇಳುವುದಿಲ್ಲ, ಸುಳ್ಳು ಬರೆದರೆ ಮಾತ್ರ ಕಳೆಯೋಣ ಎಂದ. 60 ಸಾವಿರದಲ್ಲಿ ಮುಕ್ಕಾಲು ಅವನದ್ದೇ ದುಡ್ಡು, ಅದಕ್ಕೇ ಆ ಮಾತು ನಿಂತಿತು.

ನಡುವೆ ಒಂದು ಚೀಟಿಯ ಪ್ರಯೋಗ ಮಾಡಿದೆವು. ಇದು ಪುಸ್ತಕದ ಮೇಲೆ ನನಗೇ ಸಂಶಯ ಬಂದಾಗ. ಮೂವರೂ ಗುಟ್ಟಾಗಿ, ಯಾರಿಗೆ ಎಷ್ಟು ಪರ್ಸೆಂಟ್ ಸಿಗಬೇಕು ಎಂದು ಬರೆಯುವುದು. ಮೂವರು ತಮಗೆ ತಾವೇ ಹಾಕಿಕೊಂಡದ್ದನ್ನು ಕೂಡಿಸಿದರೆ 140 ಬಂತು! ನನ್ನ ಚೀಟಿಯಲ್ಲಿ ನನಗೆ 55 ಇತ್ತು, ನಾಚಿಕೆ ಏನಿಲ್ಲ. ಎರಡನೇ ಸುತ್ತಿಗೆ ನಿಯಮ ಬದಲಾಯಿಸಿದೆ. ತನ್ನ ಹೆಸರು ಬರೆಯುವ ಹಾಗಿಲ್ಲ, ಉಳಿದಿಬ್ಬರ ನಡುವೆ ಮಾತ್ರ ನೂರನ್ನು ಹಂಚಬೇಕು. ನಾನು ತೋಟ 60, ಕೋಡು 40 ಎಂದೆ. ತೋಟದವ ನನಗೆ 70, ಕೋಡಿಗೆ 30. ಕೋಡಿನವ ನನಗೆ 60, ತೋಟಕ್ಕೆ 40. ಸರಾಸರಿ ತೆಗೆಯಲಿಲ್ಲ, ಪ್ರತಿ ಚೀಟಿಯಿಂದ ಆ ಇಬ್ಬರ ನಡುವಿನ ಅನುಪಾತ ಮಾತ್ರ ತೆಗೆದುಕೊಂಡೆವು. ಮೂರು ಅನುಪಾತವನ್ನೂ ಹೊಂದಿಸಿದರೆ ನನಗೆ 48, ತೋಟದವನಿಗೆ 31ರ ಮೇಲೆ, ಕೋಡಿನವನಿಗೆ 20ರ ಮೇಲೆ. ಆ ಚೀಟಿಗಳನ್ನು ಗಡಿಯಾರದ ಹಿಂದೆ ಸಿಕ್ಕಿಸಿ ಇಟ್ಟೆ.

ಇದೇ ಹುಮ್ಮಸ್ಸಿನಲ್ಲಿ ಭಾವನ ಜೊತೆ ಕಾಳುಮೆಣಸಿಗೂ ಪುಸ್ತಕ ಇಟ್ಟೆ. ಬಳ್ಳಿ ಅವನದ್ದು, ಪಣಿಯೂರು-1 ತಳಿ. ಮರ ನನ್ನದು, ಗೊಬ್ಬರ ಅರ್ಧರ್ಧ. ಎರಡು ವರ್ಷ ಬರೆದು ಬಿಟ್ಟೆವು. ಫಸಲು ಬರುವಷ್ಟರಲ್ಲಿ ಯಾರು ಎಷ್ಟು ಬುಟ್ಟಿ ಗೊಬ್ಬರ ಹೊತ್ತರು ಎಂಬುದರಲ್ಲಿ ಯಾರಿಗೂ ಆಸಕ್ತಿ ಉಳಿದಿರಲಿಲ್ಲ. ಅಕ್ಕ ಅರ್ಧರ್ಧ ಮಾಡಿ ಕಳಿಸಿದಳು.

2022ರ ನವೆಂಬರಿನಲ್ಲಿ, ಗಲ್ಫಿನಿಂದ ಮರಳಿದ ಒಬ್ಬರು 15 ಲಕ್ಷ ಹಾಕಲು ಒಪ್ಪಿದರು, 10 ಪರ್ಸೆಂಟಿಗೆ. ಆ ದಿನ ಪುಸ್ತಕ ಮುಚ್ಚಿದೆವು. ಅಲ್ಲಿಗೆ 29 ತಿಂಗಳು. ನಾನು ಮೊದಲ ಒಂದೂವರೆ ವರ್ಷ ಸಂಬಳವೇ ತೆಗೆದಿರಲಿಲ್ಲ, ಆಮೇಲೆ 15 ಸಾವಿರ. ನನ್ನದು 20 ಲಕ್ಷ ಚಿಲ್ಲರೆ ಪಾಯಿಂಟ್, ತೋಟದವನದ್ದು 14ರ ಹತ್ತಿರ, ಕೋಡಿನವನದ್ದು 9. ಪರ್ಸೆಂಟ್ ಮಾಡಿದರೆ 47, 32, 21. ಗಡಿಯಾರದ ಹಿಂದಿನ ಚೀಟಿ ತೆಗೆದು ತೋರಿಸಿದೆ. ಒಂದು ಪರ್ಸೆಂಟಿನಷ್ಟೇ ಆಚೆ ಈಚೆ. ಆಡಿಟರ್ ಕನ್ನಡಕ ತೆಗೆದು ಒರೆಸಿಕೊಂಡರು.

ಕಾಗದದ ವಿಷಯ ಚುಟುಕಾಗಿ ಹೇಳುತ್ತೇನೆ, ಉಳಿದದ್ದು ನಿಮ್ಮ ಆಡಿಟರಿಗೆ ಗೊತ್ತಿರುತ್ತದೆ. ರಿಜಿಸ್ಟರ್ ಮಾಡುವಾಗ ಷೇರನ್ನು ಹೇಗಾದರೂ ಹಂಚಲೇಬೇಕು. ನಾವು 10 ರೂಪಾಯಿಯ 10,000 ಷೇರನ್ನು ಹೆಚ್ಚುಕಡಿಮೆ ಸಮ ಹಾಕಿಕೊಂಡು, ಪುಸ್ತಕದ ಪ್ರಕಾರ ಮುಂದೆ ಸರಿಮಾಡುತ್ತೇವೆ ಎಂದು ಒಪ್ಪಂದ ಬರೆದೆವು. ಬರೀ ಛಾಪಾ ಕಾಗದದಲ್ಲಿ ಬರೆದು ಕಪಾಟಿನಲ್ಲಿ ಇಟ್ಟರೆ ಸಾಲದು, ಆರ್ಟಿಕಲ್ಸ್, ಅಂದರೆ ಕಂಪೆನಿಯ ನಿಯಮಾವಳಿಯ ಒಳಗೂ ಸೇರಿಸಬೇಕು. ಆರ್ಟಿಕಲ್ಸಿನಲ್ಲಿ ಇಲ್ಲದ ಷೇರು ವರ್ಗಾವಣೆಯ ನಿರ್ಬಂಧ ಕಂಪೆನಿಯನ್ನು ಕಟ್ಟಿಹಾಕುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ರಂಗರಾಜ್ ಕೇಸಿನಲ್ಲಿ ಹೇಳಿದೆ. ಇನ್ನೊಂದು, ಸರಿಮಾಡುವ ಕೆಲಸವನ್ನು ಕಂಪೆನಿಗೆ ಬೆಲೆ ಬರುವ ಮೊದಲೇ ಮುಗಿಸಬೇಕು. ಷೇರಿನ ಬೆಲೆಗಿಂತ ಕಡಿಮೆಗೆ ತೆಗೆದುಕೊಂಡು ವ್ಯತ್ಯಾಸ 50 ಸಾವಿರ ದಾಟಿದರೆ ತೆಗೆದುಕೊಂಡವನಿಗೆ ಆದಾಯ ತೆರಿಗೆ. ನಾವು 15 ಲಕ್ಷ ಖಾತೆಗೆ ಬೀಳುವ ಮೊದಲು ಮುಗಿಸಿದೆವು. ಸ್ಟಾಂಪ್ ಡ್ಯೂಟಿ ಏನೂ ಅಲ್ಲ, ಬೆಲೆಯ ಮೇಲೆ 0.015 ಪರ್ಸೆಂಟ್.

ದುಡ್ಡು ಹಾಕಿದವರು ಎಲ್ಲರ ಹಾಗೆ ನಾಲ್ಕು ವರ್ಷದ ವೆಸ್ಟಿಂಗ್ ಕೇಳಿದರು, ಅಂದರೆ ಅಷ್ಟು ವರ್ಷ ಕೆಲಸದಲ್ಲಿ ಉಳಿದರೆ ಮಾತ್ರ ಪಾಲು ಪೂರ್ತಿ ನಮ್ಮದು. 29 ತಿಂಗಳು ದುಡಿದು ಬರೆದದ್ದನ್ನು ಮತ್ತೆ ಮೊದಲಿನಿಂದ ದುಡಿಯಬೇಕಾ ಎಂದು ಕೇಳಿದೆ, ಪುಸ್ತಕವನ್ನೇ ಮೇಜಿನ ಮೇಲೆ ಇಟ್ಟೆ. ಎರಡು ದಿನ ಅದನ್ನು ಮನೆಗೆ ಒಯ್ದು ಓದಿದರು. ಅರ್ಧ ಆಗಲೇ ದುಡಿದದ್ದು, ಉಳಿದರ್ಧ ತಿಂಗಳು ತಿಂಗಳು ನಾಲ್ಕು ವರ್ಷದಲ್ಲಿ ಎಂದು ಮುಗಿಯಿತು. ಬರೆದಿಡದಿದ್ದರೆ ಆ ಅರ್ಧ ಸಿಗುತ್ತಿರಲಿಲ್ಲ.

ಆಮೇಲೆ ಕೋಡಿನವನಿಗೆ ಹೊರದೇಶದಲ್ಲಿ ಕೆಲಸ ಆಯಿತು. ನನಗೆ ಒಂದು ಕ್ಷಣ ಶಾರ್ಜಾ ನೆನಪಾಯಿತು. ಆದರೆ ಈ ಸಲ ಕ್ಯಾಲ್ಕುಲೇಟರ್ ಸಾಕಿತ್ತು. ದುಡ್ಡು ಹಾಕಿದವರಿಗೆ 10 ಪರ್ಸೆಂಟ್ ಹೋದ ಮೇಲೆ ಅವನ ಪಾಲು 21ರಿಂದ 19ರ ಹತ್ತಿರ ಇಳಿದಿತ್ತು. ವೆಸ್ಟಿಂಗಿನ 48 ತಿಂಗಳಲ್ಲಿ 28 ಕಳೆದಿತ್ತು, 20 ಬಾಕಿ. 15 ಪರ್ಸೆಂಟ್ ಅವನಿಗೆ ಉಳಿಯಿತು, 4ರಷ್ಟು ಮುಖಬೆಲೆಗೆ ನಮ್ಮಿಬ್ಬರಿಗೆ ವಾಪಸು. ಷೇರಿನ ಬುಕ್ ವ್ಯಾಲ್ಯೂ (ಕಂಪೆನಿಯ ಲೆಕ್ಕಪತ್ರದ ಪ್ರಕಾರದ ಬೆಲೆ, ನಮ್ಮ ನೋಟ್‌ಬುಕ್ಕಿನದ್ದಲ್ಲ) ಲೆಕ್ಕ ಹಾಕಿ, ಒಬ್ಬೊಬ್ಬರಿಗೆ ಆ 50 ಸಾವಿರದ ಗೆರೆ ದಾಟುವುದಿಲ್ಲ ಎಂದು ಆಡಿಟರ್ ಮೊದಲೇ ನೋಡಿದ್ದರು. ಮತ್ತೊಂದು ಮಜಾ. ಸ್ಪೆಷಲ್ ರೆಸಲ್ಯೂಷನ್ನಿಗೆ, ಅಂದರೆ ಕಂಪೆನಿಯ ದೊಡ್ಡ ತೀರ್ಮಾನಗಳಿಗೆ, 75 ಪರ್ಸೆಂಟ್ ವೋಟು ಬೇಕಲ್ಲ, ನನ್ನದೂ ತೋಟದವನದ್ದೂ ಸೇರಿದರೆ 71ರಲ್ಲಿ ನಿಂತಿತ್ತು. ಈ 4 ಬಂದ ಮೇಲೆ ಕೂದಲೆಳೆಯಷ್ಟು ದಾಟಿತು. ಇದನ್ನು ನಾನು ಮೊದಲೇ ನೋಡಿದ್ದೆನಾ ಎಂದು ತೋಟದವ ಈಗಲೂ ಕೇಳುತ್ತಾನೆ. ನಾನು ಉತ್ತರ ಕೊಟ್ಟಿಲ್ಲ.

ಈಗ ಫಿಟ್ಟಿಂಗ್ ಮಾಡುವ ಹುಡುಗನೊಬ್ಬ ಇದ್ದಾನೆ, ಪೆರ್ಲದವ, ಕಂಬ ಹತ್ತುವುದರಿಂದ ಹಿಡಿದು ಗಿರಾಕಿಯ ಬೈಗುಳ ಕೇಳುವವರೆಗೆ ಎಲ್ಲ ಅವನೇ. ಅವನಿಗೂ ಸ್ವಲ್ಪ ಪಾಲು ಕೊಡಬೇಕು ಎಂದು ಮಾತಾಗಿದೆ. ಮೊನ್ನೆ ಬದಿಯಡ್ಕದ ಅಂಗಡಿಯಿಂದ 200 ಪುಟದ ನೋಟ್‌ಬುಕ್ ತಂದು ಕೊಟ್ಟೆ. ಮೊದಲ ಪುಟದಲ್ಲಿ ಅವನು ಬರೆದದ್ದು, "ನಾಯಿ ಕಚ್ಚಿದ್ದು, 1 ಸಲ". ಅದಕ್ಕೆ ಎಷ್ಟು ಪಾಯಿಂಟ್ ಎಂದು ಈ ಶನಿವಾರ ಮಾತಾಡಬೇಕು.