ನಂದಿ ತಪ್ಪಲಲ್ಲಿ ಪುಟ್ಟ ವೈನರಿ: ಎಲ್ಲಿಂದ ಶುರು ಮಾಡಬೇಕು?

ನಂದಿಬೆಟ್ಟದ ನೆತ್ತಿ 1,478 ಮೀಟರ್ ಎತ್ತರದಲ್ಲಿದೆ. ದ್ರಾಕ್ಷಿ ತೋಟಗಳಿರುವುದು ಅದರ ತಪ್ಪಲಲ್ಲಿ, ಸುಮಾರು 900 ಮೀಟರ್‌ನಲ್ಲಿ. ಹಗಲಿನ ಬಿಸಿಲು ಹಣ್ಣಿಗೆ ಸಿಹಿ ತುಂಬುತ್ತದೆ, ರಾತ್ರಿಯ ಚಳಿ ಹುಳಿಯನ್ನು ಕಾಯುತ್ತದೆ. ಹುಳಿ ಹೋದ ಹಣ್ಣಿನ ವೈನ್ ಉಪ್ಪು ಮರೆತ ಸಾರಿನ ಹಾಗೆ. ಆ ರಾತ್ರಿಯ ತಂಪನ್ನು ಬಾಟಲಿಯವರೆಗೂ ಉಳಿಸಿಕೊಳ್ಳುವುದೇ ಇಲ್ಲಿನ ಅರ್ಧ ಕೆಲಸ.

ಮೊದಲು ಕಾಗದಪತ್ರ. ರಾಜ್ಯದಲ್ಲಿ 2007ರಿಂದ ವೈನ್‌ಗೆಂದೇ ಪ್ರತ್ಯೇಕ ನೀತಿಯಿದೆ. ಅಬಕಾರಿ ಲೈಸೆನ್ಸ್, ಆಹಾರ ಸುರಕ್ಷತಾ ಪರವಾನಗಿ, ತೊಳೆದ ನೀರು ಎಲ್ಲಿಗೆ ಬಿಡುತ್ತೀರಿ ಎಂಬುದಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಬೇಕು. ಮನೆಯಲ್ಲಿ ಚೆನ್ನಾಗಿ ಮಾಡ್ತೀವಿ ಅಂತ ಲೈಸೆನ್ಸ್ ಇಲ್ಲದೆ ಮಾರುವ ಹಾಗಿಲ್ಲ.

ಆಮೇಲೆ ಹಣ್ಣು. ತೋಟ ಹಾಕಲು ಹೋಗಬೇಡಿ, ಅದು ನನ್ನ ಖಂಡಿತ ಅಭಿಪ್ರಾಯ. ಬಳ್ಳಿ ಸರಿಯಾಗಿ ಫಸಲು ಕೊಡಲು ಮೂರು ವರ್ಷ ಬೇಕು, ಅಷ್ಟು ದಿನ ಬಡ್ಡಿ ಸುಮ್ಮನಿರುವುದಿಲ್ಲ. ಬೆಳೆಗಾರರೊಡನೆ ಐದು ಟನ್ ಶೆನಿನ್ ಬ್ಲಾಂಕ್ ಎಂಬ ಬಿಳಿ ವೈನ್ ದ್ರಾಕ್ಷಿಗೆ ಒಪ್ಪಂದ ಮಾಡಿಕೊಳ್ಳಿ. ಸುಮಾರು 3,000 ಲೀಟರ್, ಅಂದರೆ 4,000 ಬಾಟಲಿ ಸಿಗುತ್ತದೆ. ಸುತ್ತಮುತ್ತ ಹೇರಳವಾಗಿರುವ ಬೆಂಗಳೂರು ಬ್ಲೂ ದ್ರಾಕ್ಷಿ ಅಗ್ಗವೇನೋ ಹೌದು, ಆದರೆ ಅದರ ಗಾಢ ವಾಸನೆ ಸಿಹಿ ವೈನ್‌ಗೆ ಒಗ್ಗುತ್ತದೆಯೇ ಹೊರತು ತಿಳಿಯಾದ ಬಿಳಿ ವೈನ್‌ಗಲ್ಲ. ರೆಡ್ ವೈನ್ ಎರಡನೇ ವರ್ಷಕ್ಕಿರಲಿ: ಅದು ಹೆಚ್ಚು ಕಾಲ ಮಾಗಬೇಕು, ದುಡ್ಡೂ ಅದರ ಜೊತೆಗೇ ಕೂತಿರುತ್ತದೆ.

ಕೊಯ್ಲಿನ ದಿನ ಗೊತ್ತುಮಾಡುವುದು ಕ್ಯಾಲೆಂಡರ್ ಅಲ್ಲ. ಬೇರೆ ಬೇರೆ ಸಾಲಿನ ಗೊಂಚಲುಗಳಿಂದ ಕಾಳು ಕಿತ್ತು ಹಿಂಡಿ, ಎರಡು ಹನಿ ರಸವನ್ನು ಸಕ್ಕರೆ ಅಳೆಯುವ ಉಪಕರಣವಾದ ರಿಫ್ರಾಕ್ಟೋಮೀಟರ್‌ನ ಗಾಜಿನ ಮೇಲೆ ಬಿಟ್ಟು ಬೆಳಕಿಗೆ ಹಿಡಿಯಿರಿ. 21–22 ಬ್ರಿಕ್ಸ್ (ಅಂದರೆ ನೂರು ಗ್ರಾಂ ರಸದಲ್ಲಿ ಸುಮಾರು ಅಷ್ಟು ಗ್ರಾಂ ಸಕ್ಕರೆ) ಬಂದಿದ್ದರೆ ಬೀಜ ಅಗಿದು ನೋಡಿ. ಹಸಿರಾಗಿ ಒಗರಿದ್ದರೆ ಇನ್ನೂ ಕಾಯಿರಿ. ಕಂದು ತಿರುಗಿ ಕಟುಂ ಎಂದರೆ ಮರುದಿನ ನಸುಕಿಗೇ ಆಳು ಕರೆಸಿ, ಬಿಸಿಲೇರುವ ಮುಂಚೆ ಕ್ರೇಟು ವೈನರಿ ಸೇರಲಿ.

ತೊಟ್ಟು ಬಿಡಿಸಿ, ಹಿಂಡಿ, ಹಿಪ್ಪೆ ತೆಗೆದ ರಸಕ್ಕೆ ಸಾವಿರ ಲೀಟರಿಗೆ ಸುಮಾರು 90 ಗ್ರಾಂ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಎಂಬ, ರಸ ಕೆಡದಂತೆ ಕಾಯುವ ಪುಡಿ ಹಾಕಿ. ಒಂದು ರಾತ್ರಿ 10 ಡಿಗ್ರಿಯಲ್ಲಿಟ್ಟರೆ ಗಸಿ ಕೆಳಗೆ ಕೂರುತ್ತದೆ. ಮೇಲಿನ ತಿಳಿಯನ್ನು ಬೇರೆ ಸ್ಟೀಲ್ ಟ್ಯಾಂಕಿಗೆ ಇಳಿಸಿ, ಬೆಚ್ಚಗಿನ ನೀರಲ್ಲಿ ನೆನೆಸಿದ ಈಸ್ಟ್ ಸೇರಿಸಿ. ಎರಡು ಮೂರು ವಾರ 14–16 ಡಿಗ್ರಿ ದಾಟದಂತೆ ನೋಡಿಕೊಳ್ಳಬೇಕು. ಹುದುಗುವಾಗ ರಸ ತಾನೇ ಕಾಯುತ್ತದೆ, ಕಾದರೆ ಪರಿಮಳವೆಲ್ಲ ಆವಿ. ಓಕ್ ಪೀಪಾಯಿಗೆ ಆಸೆಪಡುವ ದುಡ್ಡನ್ನು ಟ್ಯಾಂಕ್ ತಂಪಾಗಿಡುವ ಚಿಲ್ಲರ್‌ಗೂ ಜನರೇಟರ್‌ಗೂ ಹಾಕಿ. ನಮ್ಮ ಹಳ್ಳಿಗಳಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಬೇಕಾಗಿಲ್ಲವಲ್ಲ.

ಜೀವಕ್ಕೆ ಸಂಬಂಧಿಸಿದ ಮಾತೊಂದು. ಒಂದು ಲೀಟರ್ ರಸ ಹುದುಗಿದರೆ ಸುಮಾರು 50 ಲೀಟರ್ ಕಾರ್ಬನ್ ಡೈಆಕ್ಸೈಡ್ ಹೊರಬರುತ್ತದೆ. ಅದು ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ತುಂಬಿಕೊಳ್ಳುತ್ತದೆ, ವಾಸನೆಯಿಲ್ಲ. ನೆಲಮಟ್ಟದಲ್ಲಿ ಗಾಳಿ ಹೊರದೂಡುವ ಫ್ಯಾನ್ ಮತ್ತು ಈ ಗ್ಯಾಸ್ ಎಷ್ಟಿದೆಯೆಂದು ಅಳೆಯುವ ಮೀಟರ್ ಇರಲೇಬೇಕು. ಖಾಲಿ ಟ್ಯಾಂಕ್ ತೊಳೆಯಲು ಯಾರನ್ನೂ ಒಬ್ಬರೇ ಇಳಿಸಬೇಡಿ.

ಹುದುಗು ನಿಂತ ಮೇಲೆ ಗಸಿಯಿಂದ ಬೇರ್ಪಡಿಸಿ, ಗಾಳಿಗೆ ಜಾಗವಿಲ್ಲದಂತೆ ಟ್ಯಾಂಕ್ ಕಂಠದವರೆಗೆ ತುಂಬಿ. ನಾಲ್ಕೈದು ತಿಂಗಳಿಗೆ ತಿಳಿಯಾಗುತ್ತದೆ. ಸೋಸಿ ಬಾಟಲಿಗಿಳಿಸಿ, ಲೇಬಲ್ ಮೇಲೆ ಆರೋಗ್ಯದ ಎಚ್ಚರಿಕೆ ಕಡ್ಡಾಯ. ವಾರಾಂತ್ಯಕ್ಕೆ ಬೆಟ್ಟ ನೋಡಲು ಬರುವವರಿಗೆ ಅಲ್ಲೇ ಒಂದು ಗ್ಲಾಸ್ ರುಚಿ ತೋರಿಸುವ ಆಸೆಯಿದ್ದರೆ ಅದಕ್ಕೂ ಅಬಕಾರಿ ಇಲಾಖೆಯ ಅನುಮತಿ ಬೇಕು. ಅರ್ಜಿಯನ್ನು ಕೊಯ್ಲಿಗೆ ಮುಂಚೆಯೇ ಹಾಕಿಟ್ಟಿರಿ.