ಮೂರು ಪಟ್ಟಾದ ಬಿಲ್ಲು

"ಎಂತ ಮಾರಾಯ್ರೆ, ಇಷ್ಟು ವ್ಯಾಪಾರ ಆಗಿದ್ರೆ ನಾನು ಇನ್ನೂ ಗಲ್ಲೆಯಲ್ಲಿ ಯಾಕೆ ಕೂತ್ಕೊಳ್ತಿದ್ದೆ?"

ಪುಣೆಯ ಕೋಥ್ರೂಡಿನಲ್ಲಿ ಹೋಟೆಲು ನಡೆಸುವ ಕುಂದಾಪುರದ ಮಾಲೀಕರೊಬ್ಬರು ನನ್ನ ವರದಿಯ ಮೊತ್ತ ನೋಡಿ ಫೋನಿನಲ್ಲಿ ಹೀಗೆ ಕೇಳಿದಾಗ ನಾನು ಹಿಂಜವಡಿಯ ಆಫೀಸಿನಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. ಅವರ ಮೂರು ಹೋಟೆಲುಗಳ ಬಿಲ್ಲುಗಳನ್ನು ಸ್ನೋಫ್ಲೇಕ್ ಎಂಬ ದತ್ತಾಂಶದ ಉಗ್ರಾಣಕ್ಕೆ, ಅಂದರೆ ವೇರ್‌ಹೌಸಿಗೆ ತುಂಬಿ ವರದಿ ಕೊಡುವ ಕೆಲಸ ನನ್ನದು. "ಸ್ವಲ್ಪ ತಡೀರಿ ಸರ, ನೋಡಿ ಹೇಳ್ತೇನ್ರಿ" ಅಂದೆ. ಧಾರವಾಡದ ಧೈರ್ಯ, ಅಷ್ಟೆ. ಒಳಗೆ ಎದೆ ಹೊಡೆದುಕೊಳ್ಳುತ್ತಿತ್ತು.

ಒಂದೊಂದು ಬಿಲ್ಲೂ ಒಂದೊಂದು ಜೇಸನ್ ದಾಖಲೆ, ಅಂದರೆ ಹೆಸರು (ಅದೇ ಕೀಲಿ), ಅದರ ಮುಂದೆ ಮಾಹಿತಿ, ಹೀಗೆ ಬರೆದ ಪಠ್ಯ. ಅದರೊಳಗೆ ತಿಂಡಿಗಳದೊಂದು ಪಟ್ಟಿ, ಹಣ ಬಂದ ಬಗೆಯದೊಂದು ಪಟ್ಟಿ. ಪಾರ್ಸೆಲ್ ಚಾರ್ಜು ಕೆಲವು ಬಿಲ್ಲಿನಲ್ಲಿ ಉಂಟು, ಕೆಲವದರಲ್ಲಿ ಆ ಕೀಲಿಯೇ ಇಲ್ಲ. ಫೈಲುಗಳು ಅಮೆಜಾನಿನ ಕ್ಲೌಡ್ ಸಂಗ್ರಹವಾದ ಎಸ್3ಗೆ ಬಂದು ಬೀಳುತ್ತವೆ. ಅಲ್ಲಿಂದ 'ಕಾಪಿ ಇಂಟು' ಕಮಾಂಡಿನಿಂದ ಇಡೀ ಬಿಲ್ಲನ್ನು ಇದ್ದ ಹಾಗೆಯೇ ಯಾವ ರೂಪದ ಮಾಹಿತಿಯನ್ನೂ ಹಿಡಿಯುವ ಒಂದು ವೇರಿಯಂಟ್ ಕಾಲಮ್ಮಿಗೆ ಹಾಕಿದ್ದೆ. ಪಕ್ಕದಲ್ಲಿ ಫೈಲಿನ ಹೆಸರು, ತುಂಬಿದ ಸಮಯ. ಒಳಗೆ ತರುವ ಮೊದಲೇ ಕಾಲಮ್ಮುಗಳಾಗಿ ಒಡೆಯಬೇಕೆಂದು ನಮ್ಮ ತಂಡದಲ್ಲಿ ವಾದವಿತ್ತು. ನಾನು ಒಪ್ಪಲಿಲ್ಲ. ದೂರದೃಷ್ಟಿಯಿಂದ ಅಂತ ಹೇಳಿಕೊಳ್ಳಲಾರೆ, ಸೋಮಾರಿತನದಿಂದ.

ತಪ್ಪು ಆದದ್ದು ಮುಂದೆ. ಎರಡೂ ಪಟ್ಟಿಗಳನ್ನು ಒಂದೇ ಕ್ವೆರಿಯಲ್ಲಿ ಫ್ಲ್ಯಾಟನ್ ಮಾಡಿ (ಅಂದರೆ ಪಟ್ಟಿಯ ಒಂದೊಂದು ಅಂಶವನ್ನೂ ಒಂದೊಂದು ಸಾಲಾಗಿ ಬಿಡಿಸಿ) ಒಂದೇ ಟೇಬಲ್ಲು ಕಟ್ಟಿದ್ದೆ. ಅವತ್ತು ಒಂದು ಬಿಲ್ಲನ್ನು ಆರಿಸಿಕೊಂಡು ಕಾಗದದ ಮೇಲೆ ಬಿಡಿಸಿದೆ. ಇಡ್ಲಿ ವಡೆ 100, ಮಸಾಲೆ ದೋಸೆ 100, ಎರಡು ಕಾಫಿ 80. ಒಟ್ಟು 280 ರೂಪಾಯಿ. ಗಿರಾಕಿ ಯುಪಿಐನಲ್ಲಿ 200, ನಗದು 80 ಕೊಟ್ಟಿದ್ದಾನೆ. ಮೂರು ತಿಂಡಿ, ಎರಡು ಪಾವತಿ. ಪ್ರತಿ ತಿಂಡಿಗೂ ಎರಡೂ ಪಾವತಿ ಜೋಡಿಯಾಗಿ ನನ್ನ ಟೇಬಲ್ಲಿನಲ್ಲಿ ಆರು ಸಾಲು. ಪಾವತಿ ಕೂಡಿಸಿದರೆ 840, ತಿಂಡಿ ಕೂಡಿಸಿದರೆ 560. ಒಂದೇ ತಿಂಡಿ, ಒಂದೇ ಪಾವತಿ ಇರುವ ಬಿಲ್ಲು ಮಾತ್ರ ಸರಿ ಬರುತ್ತಿತ್ತು. ನಾನು ಪರೀಕ್ಷೆಗೆ ತೆಗೆದುಕೊಂಡಿದ್ದೆಲ್ಲ ಅಂಥವೇ, ಬರೀ ಕಾಫಿ ಬಿಲ್ಲುಗಳು!

ಇನ್ನೊಂದು ಕಡೆ ಹಣ ಮಾಯವಾಗಿತ್ತು. ನಾಮಕರಣ, ಗೃಹಪ್ರವೇಶದ ಅಡುಗೆಗೆ ಮುಂಗಡ ಪಡೆದಾಗ ಬಿಲ್ಲಿನಲ್ಲಿ ಪಾವತಿ ಇರುತ್ತದೆ, ತಿಂಡಿಪಟ್ಟಿ ಖಾಲಿ. ಖಾಲಿ ಪಟ್ಟಿಯನ್ನು ಫ್ಲ್ಯಾಟನ್ ಮಾಡಿದರೆ ಆ ಸಾಲೇ ಹೊರಟುಹೋಗುತ್ತದೆ, ಎರರ್ ಏನೂ ಬರುವುದಿಲ್ಲ. ಫ್ಲ್ಯಾಟನ್ನಿನ 'ಔಟರ್' ಆಯ್ಕೆಯನ್ನು 'ಟ್ರೂ' ಮಾಡಿದರೆ ಸಾಲು ಉಳಿಯುತ್ತದೆ.

ಮೂರು ಟೇಬಲ್ಲು ಮಾಡಿದೆ. ಒಂದರಲ್ಲಿ ಬಿಲ್ಲಿಗೊಂದು ಸಾಲು, ಇನ್ನೊಂದರಲ್ಲಿ ತಿಂಡಿಗೊಂದು, ಮತ್ತೊಂದರಲ್ಲಿ ಪಾವತಿಗೊಂದು. ಮೂಲ ಬಿಲ್ಲುಗಳು ವೇರ್‌ಹೌಸಿನಲ್ಲೇ ಇದ್ದುದರಿಂದ ಹೋಟೆಲಿನವರನ್ನು ಮತ್ತೆ ಒಂದು ಫೈಲೂ ಕೇಳಬೇಕಾಗಲಿಲ್ಲ. ಒಂದು ಮಧ್ಯಾಹ್ನದಲ್ಲಿ ಎಲ್ಲ ಹೊಸದಾಗಿ ಕಟ್ಟಿಯಾಯಿತು. ಇಂಟರ್‌ನೆಟ್ ಹೋಗಿ ಬಂದಾಗ ಬಿಲ್ಲಿಂಗ್ ಯಂತ್ರ ಅದೇ ಬಿಲ್ಲನ್ನು ಎರಡು ಸಲ ಕಳಿಸುತ್ತಿತ್ತು. ಬಿಲ್ಲಿನ ನಂಬರಿಗೆ ಕೊನೆಯದೊಂದನ್ನೇ ಇಟ್ಟುಕೊಂಡೆ.

ಪೈಸೆಯ ಕಥೆ ಬೇರೆ. ಬೆಲೆ ಕೆಲವೊಮ್ಮೆ ಸಂಖ್ಯೆಯಾಗಿ, ಕೆಲವೊಮ್ಮೆ ಉದ್ಧರಣ ಚಿಹ್ನೆಯೊಳಗಿನ ಅಕ್ಷರವಾಗಿ ಬರುತ್ತಿತ್ತು. ಮೊದಲು ಎಲ್ಲವನ್ನೂ ಸ್ಟ್ರಿಂಗ್ (ಅಕ್ಷರರೂಪ) ಮಾಡಿ, ಆಮೇಲೆ ಅದನ್ನು ದಶಮಾಂಶ ಸಂಖ್ಯೆ ಮಾಡುವ 'ಟ್ರೈ ಟು ಡೆಸಿಮಲ್' ಹಾಕಿದೆ. 38.10 ಇದ್ದದ್ದು 38 ಆಗಿ ಬಂತು. ದಶಮಾಂಶ ಸ್ಥಾನ ಎಷ್ಟೆಂದು ನಾವು ಹೇಳದಿದ್ದರೆ ಅದು ಸೊನ್ನೆ ಎಂದೇ ಹಿಡಿಯುತ್ತದೆ. ಇದನ್ನು ಕಂಡುಹಿಡಿಯಲು ಹೋದ ಎರಡು ಗಂಟೆಯ ಸಿಟ್ಟು ಇನ್ನೂ ಇಳಿದಿಲ್ಲ.

ಈಗ ದಿನಾ ಬೆಳಿಗ್ಗೆ ಮೂಲ ಬಿಲ್ಲಿನ ಒಟ್ಟು ಮೊತ್ತವನ್ನೂ ಪಾವತಿ ಟೇಬಲ್ಲಿನ ಮೊತ್ತವನ್ನೂ ಒಂದು ಕ್ವೆರಿ ತಾಳೆ ನೋಡುತ್ತದೆ. ಹೊಂದದಿದ್ದರೆ ವರದಿ ಹೊರಡುವುದಿಲ್ಲ. ಹೋದ ವಾರ ಒಂದು ದಿನ ಹಾಗೆ ನಿಂತಿತ್ತು: ಬಿಲ್ಲಿಂಗ್ ತಂತ್ರಾಂಶದ ಹೊಸ ಆವೃತ್ತಿಯಲ್ಲಿ ಮೊತ್ತದ ಕೀಲಿಯ ಮೊದಲಕ್ಷರ ದೊಡ್ಡದಾಗಿತ್ತು. ಸ್ನೋಫ್ಲೇಕಿಗೆ ಅದು ಬೇರೆಯೇ ಕೀಲಿ, ಹಾಗಾಗಿ ಎಲ್ಲ ಕಡೆ ನಲ್, ಅಂದರೆ ಖಾಲಿ. ಮಾಲೀಕರ ಫೋನು ಬರುವ ಮೊದಲೇ ನಾನೇ ಫೋನು ಮಾಡಿ, ವರದಿ ಹತ್ತು ಗಂಟೆಗೆ ಬರುತ್ತದೆ ಅಂದೆ. "ಅಡ್ಡಿಲ್ಲ ಮಾರಾಯ್ರೆ, ಈಗ ಇಲ್ಲಿ ರಶ್ ಉಂಟು" ಅಂತ ಇಟ್ಟರು.