ಮೂರು ವರ್ಷ ನಿಂತಿದ್ದ ಕಡತ ಆರ್‌ಟಿಐ ಇನ್ಸ್‌ಪೆಕ್ಷನ್‌ನಲ್ಲಿ ಹೊರಟಿದ್ದು – ನನ್ನ ಅನುಭವ

ಪಹಣಿ ತಿದ್ದುಪಡಿ ಕೊನೆಗೂ ಆಯ್ತು. ನಮ್ಮ ಜಮೀನಿನ ವಿಸ್ತೀರ್ಣ ಪಹಣಿಯಲ್ಲಿ ಹತ್ತು ಗುಂಟೆ ಕಮ್ಮಿ ಇತ್ತು, ಆಕಾರ್‌ಬಂದ್‌ಗೆ (ಸರ್ವೆ ಇಲಾಖೆಯ ವಿಸ್ತೀರ್ಣದ ದಾಖಲೆ) ತಾಳೆ ಆಗ್ತಿರಲಿಲ್ಲ, ಅರ್ಜಿ ಕೊಟ್ಟು ಮೂರು ವರ್ಷದ ಮೇಲಾಗಿತ್ತು. ಆರ್‌ಟಿಐ ಹಾಕೋ ಗೆಳೆಯರೇ "ಇನ್ಸ್‌ಪೆಕ್ಷನ್, ಅಂದ್ರೆ ಆಫೀಸಿಗೇ ಹೋಗಿ ಕಡತ ನೋಡೋಕೆ ಕೇಳಿದ್ರೆ ಕಡತ ಸಿಗ್ತಿಲ್ಲ ಅಂತ ಹಿಂಬರಹ (ಲಿಖಿತ ಉತ್ತರ) ಕೊಡ್ತಾರೆ ಅಷ್ಟೇ, ಹೈಕೋರ್ಟಿಗೆ ರಿಟ್ ಹಾಕು" ಅಂದಿದ್ರು. ರಿಟ್ ಬೇಕಾಗಲಿಲ್ಲ, ಅದಕ್ಕೇ ಇದನ್ನ ಬರೀತಿದೀನಿ.

ಮೊದಲು ಹಾಳಾದ ದುಡ್ಡಿನ ಲೆಕ್ಕ ಹೇಳ್ತೀನಿ. ಏಜೆಂಟ್‌ಗೆ ಆರು ಸಾವಿರ ಹೋಯ್ತು, ವಾಪಸ್ ಬರಲಿಲ್ಲ. ಓಡಾಟ, ಜೆರಾಕ್ಸು, ಕೂಲಿ ಬಿಟ್ಟ ದಿನ ಎಲ್ಲ ಸೇರಿ ಇನ್ನೊಂದು ಎಂಟು ಸಾವಿರ ಆಗಿರಬೇಕು.

ಮೊದಲನೇ ಆರ್‌ಟಿಐನಲ್ಲಿ "ಯಾಕೆ ತಡ, ಯಾರು ಹೊಣೆ" ಅಂತ ಐದು ಪ್ರಶ್ನೆ ಕೇಳಿದ್ದೆ. ದಾಖಲೆಯಲ್ಲಿ ಇರೋದನ್ನ ಮಾತ್ರ ಕೊಡ್ತೀವಿ ಅಂತ ಉತ್ತರ ಬಂತು, 2011ರ ಸುಪ್ರೀಂ ಕೋರ್ಟ್ ತೀರ್ಪು ಇರೋದ್ರಿಂದ ಅದರ ಮೇಲೆ ವಾದ ಮಾಡೋಕೆ ಜಾಗ ಕಮ್ಮಿ. ಎರಡನೇದು ಅರ್ಜಿ 150 ಪದದೊಳಗೆ, ಒಂದೇ ವಿಷಯದ ಮೇಲೆ ಇರಬೇಕು ಅನ್ನೋ ನಮ್ಮ ರಾಜ್ಯದ ನಿಯಮಕ್ಕೆ ಸಿಕ್ಕಿ ಬಿತ್ತು, ಎರಡು ವಿಷಯ ಸೇರಿಸಿಬಿಟ್ಟಿದ್ದೆ. (ಕನ್ನಡದಲ್ಲೇ ಬರೀರಿ, ವಿಭಕ್ತಿ ಎಲ್ಲ ಪದಕ್ಕೇ ಅಂಟಿಕೊಳ್ಳೋದ್ರಿಂದ 150 ಪದದಲ್ಲಿ ಇಂಗ್ಲಿಷಿಗಿಂತ ಜಾಸ್ತಿ ಹಿಡಿಯುತ್ತೆ.) ಮೂರನೇದರಲ್ಲಿ ಇಡೀ ಕಡತ ಕೇಳಿದೆ, ಪುಟಕ್ಕೆ 2 ರೂಪಾಯಿ ಹಂಗೆ ಸಾವಿರದ ಹತ್ತಿರ ಕಟ್ಟಿಸ್ಕೊಂಡು ಪತ್ರವ್ಯವಹಾರದ ಭಾಗ ಕೊಟ್ರು, ಟಿಪ್ಪಣಿ ಹಾಳೆ ಒಂದೂ ಇರಲಿಲ್ಲ. ಇದು ನನ್ನ ದೊಡ್ಡ ತಪ್ಪು. ನಿರ್ಧಾರ ಇರೋದೇ ಟಿಪ್ಪಣಿ ಹಾಳೆಯಲ್ಲಿ, ಯಾವ ಟೇಬಲ್ಲಿಂದ ಎಂದು ಹೊರಟಿತು, ಯಾರು ಏನು ಬರೆದು ಸಹಿ ಹಾಕಿದ್ರು ಅನ್ನೋದೆಲ್ಲ ಅಲ್ಲೇ. 2006ರಲ್ಲಿ ಕೇಂದ್ರ ಸರ್ಕಾರ ಟಿಪ್ಪಣಿಗಳನ್ನ ಕಾಯ್ದೆಯಿಂದ ಹೊರಗಿಡೋಕೆ ಹೊರಟು, ಜನ ವಿರೋಧ ಮಾಡಿದ್ಮೇಲೆ ಕೈಬಿಟ್ಟಿತ್ತು, ಅಷ್ಟು ಬೆಲೆ ಇರೋ ಹಾಳೆ ಅದು.

ನಾಲ್ಕನೇ ಸಲ ಕಡತ ನೋಡೋ ಹಕ್ಕು ಕೊಡೋ ಸೆಕ್ಷನ್ 2(ಜೆ) ಹಾಕಿ ಪರಿಶೀಲನೆಗೆ (ಇನ್ಸ್‌ಪೆಕ್ಷನ್‌ಗೆ) ಮಾತ್ರ ಕೇಳಿದೆ, ಟಿಪ್ಪಣಿ ಹಾಳೆ, ಡಿಸ್ಪ್ಯಾಚ್ ರಿಜಿಸ್ಟರ್ (ಹೊರಗೆ ಹೋಗೋ ಪತ್ರಗಳನ್ನ ಬರೆಯೋ ಪುಸ್ತಕ) ಅಂತ ಹೆಸರು ಹಿಡಿದು ಬರೆದೆ. 30 ದಿನ ಆದ್ರೂ ಉತ್ತರ ಇಲ್ಲ, ಮೊದಲ ಮೇಲ್ಮನವಿ ಹಾಕಿದ್ಮೇಲೆ ಕರೆದ್ರು. ಕೇಸ್ ವರ್ಕರ್ ಒಳ್ಳೆಯವರೇ, ಅವರ ಮೇಲೆ ನಂಗೆ ಸಿಟ್ಟಿಲ್ಲ, ಒಬ್ಬರ ತಲೆ ಮೇಲೆ ಅಷ್ಟೊಂದು ಕಡತ. "ಸರ್, ಸರ್ವೆ ಆಫೀಸಿಂದ ವರದಿ ಬಂದಿಲ್ಲ, ಅದು ಬಂದ್ರೆ ಮಂಡಿಸ್ತೀನಿ" ಅಂದ್ರು. ಟಿಪ್ಪಣಿಯಲ್ಲೂ ಹಂಗೇ ಇತ್ತು, ವರದಿ ಕೋರಿ ಪತ್ರ ಕಳಿಸುವುದು, ಸಾಹೇಬ್ರ ಸಹಿಯೂ ಆಗಿತ್ತು. ಸರಿ ಅಂತ ಆ ತಿಂಗಳ ಡಿಸ್ಪ್ಯಾಚ್ ರಿಜಿಸ್ಟರ್ ತೆಗೆಸಿದೆ. ಅದರಲ್ಲಿ ನಮ್ಮ ಕಡತದ ನಂಬರೇ ಇಲ್ಲ! ಮುಂದಿನ ಎರಡು ತಿಂಗಳೂ ನೋಡಿದೆ, ಇಲ್ಲ. ಪತ್ರ ಟೈಪ್ ಆಗಿದೆ, ಸಹಿ ಆಗಿದೆ, ಕಡತದೊಳಗೇ ಉಳಿದಿದೆ. ಅಂದ್ರೆ ಮೂರು ವರ್ಷ ಯಾರೂ ನಮ್ಮ ಅರ್ಜಿಯನ್ನ ತಿರಸ್ಕರಿಸಿರಲಿಲ್ಲ, ಈ ಆಫೀಸು ಬರದ ಉತ್ತರಕ್ಕೆ ಕಾಯ್ತಿತ್ತು, ಆ ಆಫೀಸಿಗೆ ಯಾರೋ ಕಾಯ್ತಿದಾರೆ ಅನ್ನೋದೇ ಗೊತ್ತಿರಲಿಲ್ಲ.

ಅಷ್ಟರಲ್ಲಿ ಇನ್ನೊಂದು ಪ್ರಯೋಗ ಮಾಡಿದ್ದೆ. ಪರಿಶೀಲನೆ ಅರ್ಜಿ ಹಾಕಿದ ದಿನವೇ ಸರ್ವೆ ಆಫೀಸಿಗೂ ಒಂದು ಅರ್ಜಿ, ಅವರ ಇನ್ವರ್ಡ್ (ಬಂದ ಪತ್ರಗಳ) ರಿಜಿಸ್ಟರ್ ಪ್ರತಿ ಕೇಳಿ. ಅವರು ಬೇಗ ಕೊಟ್ರು, ಅದರಲ್ಲೂ ಇಲ್ಲ. ಎರಡು ಕಡೆ ರಿಜಿಸ್ಟರ್ ಅಕ್ಕಪಕ್ಕ ಇಟ್ರೆ ಯಾರೂ ಏನೂ ಹೇಳೋಕಾಗಲ್ಲ. ಎರಡೂ ಪ್ರತಿ ಲಗತ್ತಿಸಿ ಸಾಹೇಬ್ರಿಗೆ ಅರ್ಧ ಪುಟದ ಮನವಿ ಕೊಟ್ಟೆ, ಆರೋಪ ಒಂದೂ ಇಲ್ಲ, ಬರೀ ತಾರೀಖು. ಆ ಮನವಿಯ ಕೊನೇ ಸಾಲಿನಲ್ಲಿ ಏನು ಕೇಳಿದೆ ಅಂತ ಇಲ್ಲಿ ಹಾಕಲ್ಲ, ಎಲ್ಲರೂ ಅದನ್ನೇ ಕಾಪಿ ಮಾಡಿದ್ರೆ ಅದಕ್ಕೂ ಒಂದು ರೆಡಿ ಹಿಂಬರಹ ಹುಟ್ಟುತ್ತೆ. ಪತ್ರ ಮಾರನೇ ದಿನವೇ ಹೋಯ್ತು, ಸುಮಾರು ಎರಡು ತಿಂಗಳಲ್ಲಿ ವರದಿ ಬಂದು ಪಹಣಿ ಸರಿ ಆಯ್ತು.

ಈ ಸಲದ ಖರ್ಚು ಎರಡು ಪೋಸ್ಟಲ್ ಆರ್ಡರ್, ಅಂಚೆ, ನಾಲ್ಕೈದು ಪುಟದ ಪ್ರತಿ, ಇನ್ನೂರು ರೂಪಾಯಿ ದಾಟಿಲ್ಲ. 30 ದಿನ ಮೀರಿದ್ರಿಂದ ಪ್ರತಿಗೆ ಸೆಕ್ಷನ್ 7(6)ರಲ್ಲಿ ದುಡ್ಡೇ ಕೊಡಬೇಕಿರಲಿಲ್ಲ, ಅದು ಆಮೇಲೆ ನೆನಪಾಯ್ತು.

ಇ-ಆಫೀಸ್ (ಕಂಪ್ಯೂಟರಲ್ಲೇ ಕಡತ ಓಡೋ ವ್ಯವಸ್ಥೆ) ಇರೋ ಕಡೆ ರಿಜಿಸ್ಟರ್ ಬದಲು ಫೈಲ್ ಮೂವ್‌ಮೆಂಟ್ ಪ್ರಿಂಟ್, ಅಂದ್ರೆ ಕಡತ ಯಾರ ಹತ್ರ ಎಷ್ಟು ದಿನ ಇತ್ತು ಅನ್ನೋದನ್ನ ಕೇಳಿ. ಅಣ್ಣನ ಪಿಂಚಣಿ ಕಡತಕ್ಕೆ ಈಗ ಅದನ್ನೇ ಹಾಕಿದೀನಿ, ಒಂದೇ ಲಾಗಿನ್‌ನಲ್ಲಿ ನಾಲ್ಕು ತಿಂಗಳಿಂದ ನಿಂತಿದೆ ಅಂತ ಮೊನ್ನೆ ಪ್ರಿಂಟ್ ಬಂತು.